ಒಂಟೆ ಅಳುವ ಜಾಗ

ವಾರವಿಡೀ ಬೀಸಿದ ಮರಳುಗಾಳಿ ಆ ಬೆಳಿಗ್ಗೆ ಯಾರೋ ಗದರಿಸಿದ ಹಾಗೆ ನಿಂತುಬಿಟ್ಟಿತ್ತು. ಆಕಾಶ ಉಜ್ಜಿ ತೊಳೆದ ಬಟ್ಟಲಿನಂತೆ ನೀಲಿಯಾಗಿತ್ತು. ನೆಲದ ಮೇಲೆ ಮಾತ್ರ ರಾತ್ರಿ ಬಿದ್ದ ತೆಳು ಹಿಮ, ಕರಗಲೋ ಬೇಡವೋ ಎನ್ನುತ್ತ ಹೊಸ ಹುಲ್ಲಿನ ತುದಿ ಹಿಡಿದು ಕೂತಿತ್ತು. ಗುಡಾರದ ಪಡುವಣ ಬದಿಯಲ್ಲಿ ಮಂಡಿಯೂರಿ ನೊಮೊಲುನ್ ಕಂಬಳಿಗೋಡೆಯ ಕಟ್ಟುಗಳನ್ನು ಬಿಚ್ಚುತ್ತಿದ್ದಳು. ಬಾಗಿಲಲ್ಲಿ ಓಡಾಡುವುದು ಬದುಕಿದವರು. ಹೋದವರನ್ನು ಗೋಡೆ ಎತ್ತಿಯೇ ಹೊರಗೆ ತರಬೇಕು. ತಿರುಗಿ ಬರಲು ಅವರಿಗೆ ಬಾಗಿಲು ಸಿಗಬಾರದು.

"ಅತ್ತಿಗೆ, ಸರೀರಿ. ನಾನು ಬಿಚ್ತೀನಿ," ಎಂದ ಜಿರ್ಖೋ. ಗಂಡನ ಜೊತೆ ಹರೆಯದಿಂದ ಕುದುರೆ ಏರಿದ ಮುದುಕ.

"ಮೂರೇ ಬೆರಳಿನ ಕೈ ನಿಂದು. ನೀನು ಬಿಚ್ಚೋ ಹೊತ್ತಿಗೆ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತೆ."

"ಉಳಿದ ಬೆರಳು ಅವರ ಹಿಂದೇನೇ ಪಡುವಣ ದಂಡಿಗೆ ಹೋಗಿ ಹಿಮದಲ್ಲಿ ಉದುರಿಹೋದ್ವು. ಬೈಯೋದಾದ್ರೆ ಅವರನ್ನೇ ಬೈಯಿರಿ."

'ಅವರು' ಎಂದನೇ ಹೊರತು ಅವಳ ಗಂಡನ ಹೆಸರು ಹೇಳಲಿಲ್ಲ. ಉಸಿರು ನಿಂತ ಗಳಿಗೆಯಿಂದ ಆ ಹೆಸರು ಯಾರ ನಾಲಗೆಗೂ ಬರುವಂತಿರಲಿಲ್ಲ. ಮೊಮ್ಮಕ್ಕಳ ಕಾಲದವರೆಗೂ ಬರುವಂತಿಲ್ಲ. ಹೆಸರು ಹಿಡಿದು ಕರೆದರೆ ಹೋಗುವವರು ತಿರುಗಿ ನೋಡುತ್ತಾರೆ, ದಾರಿ ತಪ್ಪುತ್ತಾರೆ.

ಗೋಡೆ ಎತ್ತಿದಾಗ ಬೆಳಕು ಮೊದಲು ಅವರ ಪಾದದ ಮೇಲೆ ಬಿತ್ತು. ಬಿಳಿ ಕಂಬಳಿಯಲ್ಲಿ ಸುತ್ತಿದ ದೇಹ. ಎಷ್ಟು ಸಣ್ಣಗಾಗಿಬಿಟ್ಟಿದ್ದರು! ಹೊರಗೆ ದೇವದಾರು ಮರದ ಬೊಡ್ಡೆಯನ್ನು ಉದ್ದಕ್ಕೆ ಸೀಳಿ, ಒಳಗೆ ಒಬ್ಬ ಮನುಷ್ಯ ಹಿಡಿಸುವಷ್ಟು ಕೊರೆದು ಇಟ್ಟಿದ್ದರು. ಅದನ್ನು ತಂದವನು ಬುರಾಲ್ಗಿ, ಗಂಡನ ಅಣ್ಣನ ಮಗ. ನಿನ್ನೆ ಸಂಜೆ ಒಂದು ದಂಡು ಸವಾರರೊಂದಿಗೆ ಬಂದಿಳಿದಿದ್ದ. ಅವನು ಟೋಪಿ ತೆಗೆದು, ದೇಹದ ಮುಂದೆ ಮಂಡಿಯೂರಿ ಹಣೆಯನ್ನು ಹಿಮಕ್ಕೆ ಮುಟ್ಟಿಸಿದ. ಎದ್ದಾಗ ಕಣ್ಣುಗಳು ಒದ್ದೆಯಾಗಿದ್ದವು.

"ಚಿಕ್ಕಮ್ಮ, ಅಪ್ಪ ಹೇಳಿ ಕಳಿಸಿದಾರೆ. ನಮ್ಮ ವಂಶದವರಿಗೆ ಹೇಗಾಗಬೇಕೋ ಹಾಗೇ ಆಗಬೇಕಂತೆ. ದಿಬ್ಬ ಬೇಡ, ಕಲ್ಲು ಬೇಡ. ಮಣ್ಣು ಮುಚ್ಚಿ, ಕಿತ್ತ ಹುಲ್ಲಿನ ಹೆಂಟೆ ಕಿತ್ತ ಹಾಗೇ ಜೋಡಿಸಿ, ಮೇಲೆ ಕುದುರೆ ಓಡಿಸಿ ಸಮ ಮಾಡೋದು. ಹುಲ್ಲು ಬೆಳೆಯೋ ತನಕ ಬಯಲಿನ ಸುತ್ತ ದೂರದಿಂದಲೇ ಕಾವಲು ಇರುತ್ತೆ. ಆಮೇಲೆ ಯಾರಿಗೂ ಗೊತ್ತಾಗಬಾರದು."

"ಬದುಕಿದ್ದಾಗ ಒಂದು ಕುರಿ ಕಳಿಸಿದವರಲ್ಲ," ಜಿರ್ಖೋ ಗಡ್ಡದೊಳಗೇ ಗೊಣಗಿದ, "ಸತ್ತಮೇಲೆ ಕುದುರೆ ದಂಡೇ ಕಳಿಸಿದಾರೆ."

ಬುರಾಲ್ಗಿಗೆ ಕೇಳಿಸಿತು. ಆದರೂ ಸಿಟ್ಟಾಗಲಿಲ್ಲ. "ಹಿರಿಯರು ನೀವು, ಏನಂದ್ರೂ ಅನ್ನಿಸಿಕೊಳ್ತೀನಿ. ಅಪ್ಪ ಹಾಸಿಗೆ ಹಿಡಿದಿದಾರೆ. ಸುದ್ದಿ ಕೇಳಿ ಅವರು ಅತ್ತಿದ್ದನ್ನ ನಾನು ನೋಡಿದೀನಿ. ಬದುಕಿನಲ್ಲಿ ತಮ್ಮನಿಗೆ ಕೊಡೋಕಾಗದ ಗೌರವ ಮಣ್ಣಿನಲ್ಲಾದರೂ ಕೊಡ್ತಾರೆ, ಬಿಡಿ."

"ನನಗೂ ಗೊತ್ತಾಗಬಾರದಾ ಆ ಜಾಗ?" ಎಂದಳು ನೊಮೊಲುನ್.

"ನಿಮಗೆ ಒಂಟೆ ತೋರಿಸುತ್ತೆ, ಚಿಕ್ಕಮ್ಮ."

ಅದು ಅವಳಿಗೆ ತಿಳಿದದ್ದೇ. ಹಾಲು ಕುಡಿಯುವ ಒಂಟೆಮರಿಯನ್ನು ತಾಯಿಯ ಕಣ್ಣೆದುರೇ ಗೋರಿಯ ಮೇಲೆ ಬಲಿ ಕೊಡುತ್ತಾರೆ. ಮುಂದಿನ ವಸಂತಕ್ಕೆ, ಹುಲ್ಲು ಎಲ್ಲವನ್ನೂ ಮುಚ್ಚಿದ ಮೇಲೆ, ಆ ತಾಯಿಯನ್ನು ಬಯಲಿಗೆ ಬಿಡುತ್ತಾರೆ. ಅದು ಹುಡುಕುತ್ತ ಹುಡುಕುತ್ತ ಎಲ್ಲಿ ನಿಂತು ಅಳುತ್ತದೋ ಅದೇ ಜಾಗ. ಬೇರೆ ಗುರುತಿಲ್ಲ. ಮರಿಯ ಹಗ್ಗವನ್ನು ಗೋರಿಯ ಬಳಿ ಹಿಡಿದು ಕೊಡುವ ಕೈ ಮಾತ್ರ ಹೆಂಡತಿಯದೇ ಆಗಬೇಕು. ಅಳುವುದಕ್ಕೆ ಬರುವವಳು ಅವಳೇ ತಾನೆ.

"ಇನ್ನೊಂದು ಮಾತು," ಬುರಾಲ್ಗಿ ನೆಲ ನೋಡುತ್ತ ಹೇಳಿದ. "ಈ ಹುಲ್ಲುಗಾವಲು ಬೇರೆಯವರ ಪಾಲಿಗೆ ಹೋಗಿದೆ. ಅಳುವ ಕೆಲಸ ಮುಗಿದ ಮೇಲೆ ನೀವೆಲ್ಲ ಬಡಗಣ ಹೊಳೆ ಕಡೆ ಹೊರಡಬೇಕು. ವರ್ಷಕ್ಕೊಂದು ಸಲ ಇಲ್ಲಿಗೆ ಬರೋದಕ್ಕೆ ಅಪ್ಪನ ಅಪ್ಪಣೆ ಇದೆ."

ನೊಮೊಲುನ್ ಸುತ್ತ ನೋಡಿದಳು. ಎತ್ತ ನೋಡಿದರೂ ಬಯಲು. ಒಂದು ಗುಡ್ಡವಿಲ್ಲ, ಒಂದು ಮರವಿಲ್ಲ. ಆಕಾಶ ಬಾಗಿ ಮುಟ್ಟಿದಲ್ಲಿಯವರೆಗೂ ಒಂದೇ ಹುಲ್ಲು.

*

ನೊಮೊಲುನಳ ಗಂಡ ಯೆಸುದೆರ್ ಹುಟ್ಟಿದ್ದು ಬಿಳಿಯ ಗುಡಾರದಲ್ಲಿ, ಅರಸುಮಕ್ಕಳ ಸಾಲಿನಲ್ಲಿ. ನಡೆಯುವ ಮುಂಚೆಯೇ ಅವನನ್ನು ಕುದುರೆಯ ಮೇಲೆ ಕಟ್ಟಿ ಕೂರಿಸಿದ್ದರಂತೆ. ಮೀಸೆ ಚಿಗುರುವ ಹೊತ್ತಿಗೆ ಚಿಕ್ಕಪ್ಪಂದಿರ ಬೆನ್ನ ಹಿಂದೆ ಪಡುವಣಕ್ಕೆ ಹೋದ. ಹೆಪ್ಪುಗಟ್ಟಿದ ನದಿಗಳನ್ನು ದಾಟಿದ, ಮರದ ಕೋಟೆಗಳನ್ನು ಸುತ್ತುಗಟ್ಟಿದ. ಹಿಂದಿರುಗುವಾಗ ಸಾವಿರ ಮನೆಗಳ ಒಡೆಯ. ಮುಂದೆ ಕುದುರೆಬಾಲದ ಕರಿ ಬಾವುಟ. ನೊಮೊಲುನ್ ಅವನ ಮನೆ ತುಂಬಿದ್ದು ಆ ವರ್ಷವೇ. ಬಾವುಟದ ನೆರಳಲ್ಲಿ ಅವಳ ಬಂಡಿ ನಿಂತಾಗ, ಇಷ್ಟು ಜನರ ಅಡಿಗೆಯ ಹೊಗೆ ಒಟ್ಟಿಗೆ ಮೇಲೇಳುವುದನ್ನು ಅವಳು ಮೊದಲ ಸಲ ಕಂಡಿದ್ದಳು.

ಆಮೇಲೆ ದೊಡ್ಡ ಖಾನ್ ತೀರಿಕೊಂಡ. ಒಂದು ಒರೆಗೆ ಎರಡು ಕತ್ತಿಗಳಾದವು. ಹೊಸ ಖಾನನನ್ನು ಆರಿಸಲು ಮೂಡಣದಲ್ಲೊಂದು ಮಹಾಸಭೆ, ಬಡಗಣದಲ್ಲೊಂದು. ಅಣ್ಣ ಖೊರಿದೈ ತಮ್ಮನ ಗುಡಾರಕ್ಕೆ ಬಂದು ಒಲೆಯ ಪಕ್ಕ ಕೂತ.

"ನೋಡು ಯೆಸುದೆರ್, ಹುಲ್ಲು ಯಾವ ಕಡೆ ಬಾಗಿದೆ ಅಂತ ಕುರಿಗೂ ತಿಳಿಯುತ್ತೆ. ಮೂಡಣದವರ ಕೈಲಿ ಧಾನ್ಯ ಇದೆ, ಕಬ್ಬಿಣ ಇದೆ. ನನ್ನ ಜೊತೆ ಬಾ."

"ಬಡಗಣದವನಿಗೆ ಮಾತು ಕೊಟ್ಟಿದೀನಿ ಅಣ್ಣ."

"ಮಾತು! ಮಾತು ಗಾಳಿ ಕಣೋ."

"ಗಾಳಿ ಇಲ್ಲದೆ ಉಸಿರಾಡ್ತೀಯಾ?"

ಅಣ್ಣ ಹಾಲಿನ ಬಟ್ಟಲನ್ನು ಕುಡಿಯದೆ ಕೆಳಗಿಟ್ಟು ಎದ್ದುಹೋದ. ಯೆಸುದೆರ್ ಬಡಗಣದ ಸಭೆಗೆ ಹೋಗಿ, ಅಧೀನನಾದ ಗುರುತಿಗೆ ಸೊಂಟದ ಪಟ್ಟಿಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಮಾತು ಕೊಟ್ಟವನ ಮುಂದೆ ಮಂಡಿಯೂರಿದ. ಎರಡು ಬೇಸಗೆ ಹೋರಾಡಿದರು. ಸೋತರು. ಅರಸು ವಂಶದವನ ನೆತ್ತರು ಮಣ್ಣಿಗೆ ಬೀಳಬಾರದೆಂದು ಅಣ್ಣನೇ ಗೆದ್ದ ಖಾನನ ಕಾಲು ಹಿಡಿದು ತಮ್ಮನ ಜೀವ ಉಳಿಸಿದ. ಬಾವುಟ ಹೋಯಿತು, ಸಾವಿರ ಮನೆಗಳು ಹೋದವು. ಈ ಬಯಲಿನ ಅಂಚು, ಬಿಟ್ಟುಹೋಗಲಾರದ ಕೆಲವು ಗುಡಾರಗಳು, ಒಂದಿಷ್ಟು ಕುರಿ ಒಂಟೆಗಳು, ಇಷ್ಟು ಉಳಿದವು.

ಆಮೇಲಿನ ಬದುಕೇ ದೊಡ್ಡದು. ಅದರಲ್ಲಿ ಯುದ್ಧವಿರಲಿಲ್ಲ, ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಮುಗಿಲಿನ ಕಡೆ ಹಾಲು ಚಿಮುಕಿಸಿ ಕೈಮುಗಿಯುವುದು, ಕುರಿ ಬಿಡುವುದು, ಸಂಜೆ ಕೂಡುವುದು.

ಈ ಚಳಿಗಾಲ ಹಾಸಿಗೆ ಹಿಡಿದಾಗ ಅವನು ಒಂದು ದಿನ ಹೆಂಡತಿಯ ತೋಳು ಹಿಡಿದುಕೊಂಡ.

"ನೊಮೊಲುನ್, ನನ್ನ ಅಪ್ಪನ ಜಾಗ ಎಲ್ಲಿ ಅಂತ ನನಗೆ ಗೊತ್ತಿಲ್ಲ. ಆ ಒಂಟೆ ಮುದಿಯಾಗಿ ಸತ್ತಮೇಲೆ ಯಾರಿಗೂ ಗೊತ್ತಾಗಲಿಲ್ಲ. ನನಗೆ ಯಾವ ಯುದ್ಧದಲ್ಲೂ ಹೆದರಿಕೆ ಆಗಿರಲಿಲ್ಲ. ಈಗ ಆಗ್ತಿದೆ. ಅಷ್ಟು ದೊಡ್ಡ ಬಯಲಲ್ಲಿ ಒಬ್ಬನೇ... ನೀನು ಬರ್ತೀಯಲ್ಲ?"

"ಬರ್ತೀನಿ. ವಸಂತದ ಮೊದಲ ಹಾಲು ತಗೊಂಡು ಬರ್ತೀನಿ."

"ಮಾತು?"

"ಮಾತು."

ಅವನು ಮಗುವಿನ ಹಾಗೆ ಕಣ್ಣು ಮುಚ್ಚಿದ್ದ.

*

ಗುಡಾರಗಳ ಮುಂದೆ ಎರಡು ಬೆಂಕಿ ಹಾಕಿದ್ದರು. ಸಾವಿನ ಮೈಲಿಗೆ ಕಳೆಯಲು ಎಲ್ಲರೂ ಅವುಗಳ ನಡುವೆ ಹಾದು ಬಂದು ಕೂತರು. ಮಾಂಸದ ಸಾರು, ಗಟ್ಟಿ ಮೊಸರಿನ ತುಂಡು ಕೈಯಿಂದ ಕೈಗೆ ಹೋಯಿತು. ಹೊಟ್ಟೆಗೆ ಬಿಸಿ ಬಿದ್ದ ಮೇಲೆ ಬಾಯಿ ಬಿಚ್ಚಿತು.

"ಮೊದಲ ವರ್ಷ ಕುರಿ ಉಣ್ಣೆ ಕತ್ತರಿಸೋಕೆ ಕೂತಿದ್ದು ನೆನಪಿದೆಯಾ?" ಜಿರ್ಖೋ ಶುರು ಮಾಡಿದ. "ಕೋಟೆ ಸುತ್ತುಗಟ್ಟಿದ ಮನುಷ್ಯ, ಒಂದು ಟಗರನ್ನ ಹಿಡಿಯೋಕಾಗಲಿಲ್ಲ! ಅದು ಇವರನ್ನ ಬೆನ್ನ ಮೇಲೆ ಹಾಕ್ಕೊಂಡು ಹೊಳೇವರೆಗೂ ಓಡ್ತು. ನಾನು ಕೂಗಿದೆ, ನಮ್ಮ ಯೆಸು..."

ನಾಲಗೆ ಕಚ್ಚಿಕೊಂಡ. ಸುತ್ತ ಕೂತವರು ಗಾಬರಿಯಿಂದ ಮುಗಿಲು ನೋಡಿದರು.

"ಉಗುಳೋ, ಉಗುಳು! ಅರ್ಧ ಹೆಸರಷ್ಟೇ, ಅರ್ಧ ತಿರುಗಿ ನೋಡಿರ್ತಾರೆ," ಎಂದಳು ಒಬ್ಬ ಹೆಂಗಸು. ಅಳುತ್ತಿದ್ದವರಿಗೂ ನಗು ಬಂತು.

ಅಷ್ಟರಲ್ಲಿ ಒಂಟೆಯೊಂದು ಕೂಗಿಕೊಂಡಿತು. ನಗು ನಿಂತಿತು.

ಚಳಿಗಾಲದ ಹಿಮ ಆ ವರ್ಷ ಕಲ್ಲಾಗಿ ಕೂತು ದನಕರುಗಳನ್ನು ತಿಂದುಹಾಕಿತ್ತು. ಪಾಳೆಯದಲ್ಲಿ ಹಾಲು ಕುಡಿಯುವ ಒಂಟೆಮರಿ ಇದ್ದದ್ದು ಒಂದೇ, ಎರ್ಗೆನೆ ಮುದುಕಿಯದು. ಬುರಾಲ್ಗಿಯ ಸವಾರರಿಬ್ಬರು ಅದನ್ನು ನಡೆಸಿಕೊಂಡು ಬರುತ್ತಿದ್ದರು. ಹೊಗೆ ಬಣ್ಣದ ಎಳೆ ತುಪ್ಪಳ, ಯಾರದೋ ಕಾಲನ್ನು ಎರವಲು ತಂದಂತೆ ತೊಡರುವ ನಡಿಗೆ. ಹಿಂದೆ ತಾಯೊಂಟೆಯ ಮೂಗುದಾರ ಹಿಡಿದು, ಬೆನ್ನು ಬಾಗಿದ ಎರ್ಗೆನೆ.

"ಅಜ್ಜಿ, ಸುಮ್ಮನೆ ತಗೊಳ್ಳಲ್ಲ," ಎಂದ ಬುರಾಲ್ಗಿ. "ಬದಲಿಗೆ ಒಳ್ಳೆ ಕುದುರೆ ಕೊಡ್ತೀವಿ."

"ಕುದುರೆ ಏರೋ ವಯಸ್ಸಾ ಮಗಾ ನಂದು? ಏರಿಸೋಕೆ ಇಬ್ಬರು, ಇಳಿಸೋಕೆ ಇಬ್ಬರು ಬೇಕು. ಆ ನಾಲ್ವರನ್ನೂ ಕೊಟ್ಟು ಹೋಗ್ತೀಯಾ?" ಎಂದಳು ಮುದುಕಿ. "ದೊರೆ ಮನೆಯವರು ಕೇಳಿದ್ರು, ಕೊಟ್ಟೆ. ಕೊಟ್ಟು ಅಭ್ಯಾಸ ಇದೆ."

ಜಿರ್ಖೋ ತನ್ನ ಮೊಂಡು ಬೆರಳುಗಳನ್ನು ನೋಡಿಕೊಂಡ.

ಎರ್ಗೆನೆ ನೊಮೊಲುನಳ ಪಕ್ಕ ಬಂದು, ಮೂಗುದಾರ ಬಿಡದೆಯೇ ಕುಕ್ಕರುಗಾಲಲ್ಲಿ ಕೂತಳು. ತಾಯೊಂಟೆ ಅವಳ ತಲೆಯ ಮೇಲಿಂದ ಕತ್ತು ಚಾಚಿ ಮರಿಯನ್ನೇ ನೋಡುತ್ತಿತ್ತು.

"ಅಮ್ಮಾ, ನೀವು ನನ್ನ ಮುಖ ನೋಡೋಕೆ ಹಿಂಜರೀತಿದೀರಿ. ಬೇಡ. ನನ್ನ ಮನಸ್ಸಲ್ಲಿ ಏನೂ ಇಲ್ಲ."

"ನಿನಗಿರೋದು ಅದೊಂದೇ ಮರಿ, ಎರ್ಗೆನೆ."

"ನಿಮಗಿದ್ದದ್ದೂ ಅವರೊಬ್ಬರೇ ಅಲ್ವಾ? ಕೇಳಿ ಇಲ್ಲಿ. ಮನುಷ್ಯರಿಗೆ ಹೋಗಿ ಅಳೋಕೆ ಒಂದು ಜಾಗ ಇರಬೇಕು. ಅದು ಇಲ್ಲದಿದ್ರೆ ಎಲ್ಲಾ ಜಾಗವೂ ಅದೇ ಆಗಿಬಿಡುತ್ತೆ. ನೀರಿಗೆ ಹೋದ್ರೆ ಅಲ್ಲೇನೋ ಅನ್ಸುತ್ತೆ. ಸಗಣಿ ಆರಿಸೋಕೆ ಹೋದ್ರೆ, ನಾನು ತುಳಿದ ಕಡೆಯೇ ಇದಾನೇನೋ ಅನ್ಸಿ ಕಾಲು ಎತ್ತಿಡೋ ಹಾಗಾಗುತ್ತೆ. ಆ ಕಷ್ಟ ನಿಮಗೆ ಬೇಡ. ನನ್ನ ಮರಿಯಿಂದ ನಿಮಗೊಂದು ಜಾಗ ಆಗೋದಾದ್ರೆ ಆಗಲಿ."

ಸಾರಿನ ಬಟ್ಟಲು ನೊಮೊಲುನಳ ಕೈಯಲ್ಲೇ ತಣ್ಣಗಾಯಿತು.

*

ಯೆಸುದೆರ್‌ನ ದಂಡು ಸೋತು ಹಿಂದಿರುಗುವಾಗ ಒಂದು ಹೊಳೆ ಅಡ್ಡ ಬಂದಿತ್ತು. ಬೆನ್ನಿಗೆ ಅಣ್ಣನ ದಂಡು. ಎಲ್ಲರೂ ದಾಟಲು ಹೊತ್ತು ಬೇಕಿತ್ತು. ಆ ಹೊತ್ತನ್ನು ಯಾರಾದರೂ ದಡದಲ್ಲಿ ನಿಂತು ಸಂಪಾದಿಸಿ ಕೊಡಬೇಕಿತ್ತು. ಯೆಸುದೆರ್ ಒಂದಿಷ್ಟು ಜನರನ್ನು ಆರಿಸಿದ. ಅವರಲ್ಲಿ ಎರ್ಗೆನೆಯ ಮಗ ತೊಗೋನ್ ಒಬ್ಬ. ಇನ್ನೂ ಗಡ್ಡ ಮೂಡದವನು, ಗುರಿ ತಪ್ಪದ ಬಿಲ್ಲುಗಾರ. "ಎಲ್ಲರೂ ದಾಟಿದ ಮೇಲೆ ಬಂದುಬಿಡು," ಎಂದಿದ್ದ ಯೆಸುದೆರ್. "ಆಗಲಿ ದೊರೆ," ಎಂದಿದ್ದ ಹುಡುಗ. ಇಬ್ಬರಿಗೂ ಗೊತ್ತಿತ್ತು.

ಪಾಳೆಯಕ್ಕೆ ಬಂದಮೇಲೆ ಅವನು ಕುದುರೆ ಏರದೆ, ಅದನ್ನು ಕೈಯಲ್ಲಿ ಹಿಡಿದು, ಗುಡಾರದಿಂದ ಗುಡಾರಕ್ಕೆ ನಡೆದ. ನೊಮೊಲುನ್ ಜೊತೆಗೆ ಹೋಗಿದ್ದಳು. ಎರ್ಗೆನೆ ಒಂಟೆ ಹಾಲು ಕರೆಯುತ್ತಿದ್ದಳು. ಎದ್ದು ನಿಲ್ಲಲಿಲ್ಲ, ಕರೆಯುವುದನ್ನೂ ನಿಲ್ಲಿಸಲಿಲ್ಲ.

"ಎಲ್ಲಿ ಬಿಟ್ಟು ಬಂದ್ರಿ, ದೊರೆ?"

"ಹೊಳೆ ದಡದಲ್ಲಿ."

"ಹೊಳೆ ಉದ್ದ ಇರುತ್ತೆ. ಎಲ್ಲಿ?"

ಅವನು ಬಾಯಿ ತೆರೆದ. ಆ ದಡದಲ್ಲೊಂದು ಗುರುತು ಇರಲಿಲ್ಲ. ಹಿಂತಿರುಗಿ ನೋಡದೆ ಓಡಿದ ದಾರಿ ಅದು. ಕೋಟೆಗಳ ನಕ್ಷೆಯನ್ನು ಬೆರಳಿನಿಂದ ಮಣ್ಣಿನಲ್ಲಿ ಬರೆದು ತೋರಿಸುತ್ತಿದ್ದ ಗಂಡ ಒಂದು ಮಾತಿಗೆ ತಡಕಾಡುತ್ತ ನಿಂತದ್ದನ್ನು ನೊಮೊಲುನ್ ಅಂದೇ ನೋಡಿದ್ದು.

"ಗೊತ್ತಿಲ್ಲ, ತಾಯಿ," ಎಂದ ಕೊನೆಗೆ.

ಅಂದಿನಿಂದ ಅವನು ಎರ್ಗೆನೆಯ ಗುಡಾರಕ್ಕೆ ಹೋದಾಗಲೆಲ್ಲ ಹಿರಿಯರ ಜಾಗದಲ್ಲಿ ಕೂರಲಿಲ್ಲ. ಬಾಗಿಲ ಬಳಿ, ಆಳುಗಳು ಕೂರುವಲ್ಲಿ ಕೂರುತ್ತಿದ್ದ. ಅವಳು ಬೇಡವೆನ್ನಲೂ ಇಲ್ಲ, ಮೇಲೆ ಬನ್ನಿ ಎನ್ನಲೂ ಇಲ್ಲ. ಬೇಸಗೆಯಲ್ಲಿ ಅವಳ ಒಂಟೆಗಳಿಗೆ ನೀರು ಸೇದಿ ಹಾಕುತ್ತಿದ್ದ. ಈಗ ಕೂಗುತ್ತಿರುವ ಈ ತಾಯೊಂಟೆ ಹುಟ್ಟಿದಾಗ, ಮೈಮೇಲಿನ ಪೊರೆ ಒರೆಸಿ ನಿಲ್ಲಿಸಿದ್ದು ಅವನೇ. ಆದರೆ ಹೊಳೆಯ ಮಾತು ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ.

*

ಹೊತ್ತು ಪಡುವಣಕ್ಕೆ ವಾಲಿದಾಗ ಬಂಡಿ ಹೊರಟಿತು. ಹಿಮ ಕರಗಿ ಬಯಲೆಲ್ಲ ಮಿಂಚುತ್ತಿತ್ತು. ಎಷ್ಟೋ ದೂರ ನಡೆದು, ಬುರಾಲ್ಗಿ ಕೈ ಎತ್ತಿದ ಕಡೆ ನಿಂತರು. ಸುತ್ತಲಿನ ನೆಲಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ. ಹುಲ್ಲಿನ ಹೆಂಟೆಗಳನ್ನು ಕಿತ್ತು ಒತ್ತಟ್ಟಿಗೆ ಇಟ್ಟಿದ್ದರು. ದೇವದಾರಿನ ಬೊಡ್ಡೆಯನ್ನು ಇಳಿಸಿದರು. ಜೊತೆಗೆ ಬಿಲ್ಲು, ಜೀನು, ಒಂದು ಬಟ್ಟಲು ಹಾಲು. ನೊಮೊಲುನ್ ಒಂದು ಹಿಡಿ ಮಣ್ಣು ಹಾಕಿ ಮುಗಿಲಿಗೆ ಕೈಮುಗಿದಳು. ಅವಳಿಗೆ ಬೇರೆ ಮಂತ್ರ ಬರುತ್ತಿರಲಿಲ್ಲ.

ಮಣ್ಣು ಮುಚ್ಚಿ, ಹೆಂಟೆ ಜೋಡಿಸಿದರು. ಸವಾರರು ಕುದುರೆ ಓಡಿಸತೊಡಗಿದರು. ಸುತ್ತು ಸುತ್ತು ಬಂದು, ಅಡ್ಡಡ್ಡ ಹಾದು, ಗೋರಿಯ ಆಚೆ ಈಚೆಯ ನೆಲವನ್ನೂ ತುಳಿದು ಒಂದು ಮಾಡಿದರು. ನಡುವೆ ನೆಟ್ಟ ಒಂದೇ ಒಂದು ಈಟಿ ಮಾತ್ರ ಇನ್ನೂ ಜಾಗ ತೋರಿಸುತ್ತಿತ್ತು. ಬಲಿಯಾದ ಮೇಲೆ ಅದನ್ನೂ ಕೀಳುತ್ತಾರೆ.

ಮರಿಯ ಹಗ್ಗ ನೊಮೊಲುನಳ ಕೈಯಲ್ಲಿತ್ತು. ಅದು ಅವಳ ತೋಳಿಗೆ ಮೂತಿ ಒತ್ತಿ ಹಾಲು ಹುಡುಕುತ್ತಿತ್ತು. ತುಸು ದೂರದಲ್ಲಿ ಎರ್ಗೆನೆ ತಾಯೊಂಟೆಯ ಮೂಗುದಾರ ಹಿಡಿದು, ಎಲ್ಲವೂ ಅದಕ್ಕೆ ಕಾಣುವಂತೆ ನಿಲ್ಲಿಸಿದ್ದಳು. ನಿಲ್ಲಿಸುವುದು ಅವಳ ಪಾಲಿನ ಕೆಲಸ. ತಾನು ಮಾತ್ರ ಬೇರೆ ಕಡೆ ನೋಡುತ್ತಿದ್ದಳು.

"ಚಿಕ್ಕಮ್ಮ, ಹಗ್ಗ ಕೊಡಿ," ಬುರಾಲ್ಗಿ ಕೈಚಾಚಿದ. ಇನ್ನೊಂದು ಕೈಯಲ್ಲಿ ಕತ್ತಿ.

ನೊಮೊಲುನ್ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಕೊಟ್ಟರೆ ಬರುವ ವಸಂತದಲ್ಲಿ ಗಂಡ ಸಿಗುತ್ತಾನೆ. ಆ ಒಂಟೆ ನಡೆಯುತ್ತದೆ, ತಾನು ಹಾಲಿನ ಬಟ್ಟಲು ಹಿಡಿದು ಅದರ ಹಿಂದೆ ನಡೆಯುತ್ತೇನೆ. ಅದು ನಿಲ್ಲುತ್ತದೆ, ಅಳುತ್ತದೆ. ತಾನು ಅಲ್ಲಿ ಕೂರುತ್ತೇನೆ. ಮುದುಕಿ ಎಲ್ಲಿರುತ್ತಾಳೆ? ಪಾಳೆಯದಲ್ಲಿ, ಕಾಲು ಎತ್ತೆತ್ತಿ ಇಡುತ್ತ.

"ಕೊಡಲ್ಲ ಕಣಪ್ಪ," ಎಂದಳು.

"ಏನಂದ್ರಿ?"

"ಮರಿ ಕೊಡಲ್ಲ."

ಕುದುರೆಗಳು ಸುತ್ತುತ್ತಲೇ ಇದ್ದವು. ಬುರಾಲ್ಗಿ ಹತ್ತಿರ ಬಂದು ದನಿ ತಗ್ಗಿಸಿದ. "ಚಿಕ್ಕಮ್ಮ, ಯೋಚನೆ ಮಾಡಿ. ಈಟಿ ಕಿತ್ತಮೇಲೆ ನನಗೂ ಗೊತ್ತಾಗಲ್ಲ. ಹುಡುಕಿದ್ರೂ ಸಿಗಲ್ಲ. ನಿಮ್ಮ ಕೈ ಕೊಡದೆ ನಾನು ಕಿತ್ತುಕೊಳ್ಳೋ ಹಾಗಿಲ್ಲ. ಅಪ್ಪನಿಗೆ ಏನು ಹೇಳ್ಲಿ?"

"ತಮ್ಮನ ಹೆಂಡತಿ ಕೊಡಲಿಲ್ಲ ಅಂತ ಹೇಳು. ಬೈದ್ರೆ ನನ್ನನ್ನ ಬೈಲಿ."

ಜಿರ್ಖೋ ಅವಳ ತೋಳು ಮುಟ್ಟಿದ. "ಅತ್ತಿಗೆ, ಬರ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ರಿ. ನಾನೂ ಅಲ್ಲೇ ಇದ್ದೆ. ಅವರು ಸಾವಿರ ಮನೆ ಕಳಕೊಂಡ್ರು, ಮಾತು ಕಳಕೊಳ್ಳಲಿಲ್ಲ."

"ಗೊತ್ತು ಜಿರ್ಖೋ."

"ಒಬ್ಬರೇ ಕಾಯ್ತಿರ್ತಾರೆ."

"ಗೊತ್ತು ಅಂದೆನಲ್ಲ!" ಮರಿಯ ಕತ್ತಿನ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: "ಅವರು ಉಳಿಸಿಕೊಂಡ ಮಾತಿಗೆ ಬೇರೆಯವರು ಏನೇನೋ ತೆತ್ತರು. ನಾನು ತಪ್ಪೋ ಮಾತಿಗೆ ನಾನೊಬ್ಬಳೇ ತೆರ್ತೀನಿ. ಮೇಲಿರೋನಿಗೆ ಎಲ್ಲರ ಜಾಗವೂ ಗೊತ್ತಿರುತ್ತೆ. ಅವನು ನೋಡ್ಕೊಳ್ಳಲಿ."

ಬುರಾಲ್ಗಿ ಕತ್ತಿಯನ್ನು ಒರೆಗೆ ಸೇರಿಸಿ, ಟೋಪಿ ತೆಗೆದು, ತಾನೇ ಹೋಗಿ ಈಟಿ ಕಿತ್ತ. ಕುದುರೆಗಳು ಆ ತೂತಿನ ಮೇಲೂ ಹಾದುಹೋದವು.

ನೊಮೊಲುನ್ ಮರಿಯನ್ನು ನಡೆಸಿಕೊಂಡು ಎರ್ಗೆನೆಯ ಕಡೆ ಹೊರಟಳು. ನಡುದಾರಿಯಲ್ಲಿ ತಡೆಯಲಾರದೆ ಒಮ್ಮೆ ತಿರುಗಿ ನೋಡಿದಳು. ಕೆದರಿದ ಹುಲ್ಲು, ಗೊರಸಿನ ಗುರುತು, ಇಳಿಬಿಸಿಲು. ಯಾವುದು ಅವರು, ಯಾವುದು ಬರೀ ನೆಲ, ತಿಳಿಯಲಿಲ್ಲ. ಕಣ್ಣು ಅಲ್ಲಲ್ಲಿ ನಿಂತು ಮುಂದೆ ಹೋಯಿತು.

ಎರ್ಗೆನೆ ಇನ್ನೂ ಬೇರೆ ಕಡೆಗೇ ನೋಡುತ್ತಿದ್ದಳು. ತಾಯೊಂಟೆ ಕೂಗುವುದನ್ನು ನಿಲ್ಲಿಸಿದಾಗ ಮುಖ ತಿರುಗಿಸಿದಳು.

ಅರಸುಮಗನ ಹೆಂಡತಿ ಅವಳ ಮುಂದೆ ತಲೆ ಬಾಗಿಸಿ, ಹಿರಿಯರಿಗೆ ಕೊಡುವ ಹಾಗೆ ಬಲಗೈಯ ಮೊಣಕೈಗೆ ಎಡಗೈ ಆಸರೆ ಕೊಟ್ಟು, ಹಗ್ಗವನ್ನು ಚಾಚಿದಳು. ಹಗ್ಗ ಕೈ ಬದಲಾಗುವ ಮೊದಲೇ ಮರಿ ತಾಯಿಯ ಕೆಳಗೆ ನುಗ್ಗಿ, ಮೊಲೆಗೆ ಬಾಯಿಟ್ಟು, ಬಾಲ ಅಲ್ಲಾಡಿಸತೊಡಗಿತ್ತು.